ಸೆಂಟರ್ ಇಲ್ಲದೆ ಆಡಿಸಿದ್ದು: ಗಿಡ್ಡ ಹುಡುಗಿಯರ ತಂಡಕ್ಕೆ ‘ಫೈವ್ ಔಟ್’, ನನ್ನ ಅನುಭವ

ಬಾಸ್ಕೆಟ್‌ಬಾಲ್‌ನಲ್ಲಿ ಸೆಂಟರ್ (ರಿಂಗ್ ಕೆಳಗೆ ಆಡುವ ಎತ್ತರದ ಆಟಗಾರ್ತಿ) ಇಲ್ಲದ ತಂಡ ಆಡಿಸುತ್ತೇನೆ ಅಂದಾಗ ನಮ್ಮ ಕಡೆಯ ಕೋಚುಗಳು ಕೇಳಿದ್ದು ಎರಡೇ ಪ್ರಶ್ನೆ. ರೀಬೌಂಡ್ (ಶಾಟ್ ತಪ್ಪಿ ಪುಟಿದ ಬಾಲ್) ಯಾರು ತಗೋತಾರೆ? ಎದುರಿನ ಐದೂ ಮುಕ್ಕಾಲು ಅಡಿಯ ಹುಡುಗಿ ಪೋಸ್ಟಿನಲ್ಲಿ, ಅಂದರೆ ರಿಂಗಿನ ಹತ್ತಿರ, ಬಾಲ್ ಹಿಡಿದರೆ ಯಾರು ತಡೀತಾರೆ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಬಾಯಲ್ಲಿ ಉತ್ತರ ಹೇಳಿ ಪ್ರಯೋಜನ ಇರಲಿಲ್ಲ, ಸ್ಕೋರ್‌ಶೀಟೇ ಹೇಳಬೇಕಿತ್ತು. ಈಗ ಹೇಳಿದೆ. ಸರಾಸರಿ 162 ಸೆಂಟಿಮೀಟರ್ ಎತ್ತರದ, ಹದಿನೆಂಟರೊಳಗಿನ ಹುಡುಗಿಯರ ತಂಡ ತಮಗಿಂತ ನಾಲ್ಕು ಬೆರಳು ಎತ್ತರದವರನ್ನು ಸಾಲಾಗಿ ಸೋಲಿಸಿ ಸೆಮಿಫೈನಲ್ ಆಡಿತು. ಪ್ರಶ್ನೆ ಕೇಳಿದ್ದವರಲ್ಲಿ ಇಬ್ಬರು ಈಗ ಫೋನ್ ಮಾಡಿ ಡ್ರಿಲ್ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುತ್ತ ಕೂರುವ ಬದಲು ಬರೆದಿಟ್ಟಿದ್ದೇನೆ. ಪಾಸ್ ಹೇಗೆ, ಲೇಅಪ್ ಹೇಗೆ ಅನ್ನೋದು ಇಲ್ಲಿಲ್ಲ. ಅದು ನಿಮಗೆ ಗೊತ್ತು. ಅಂಕಿಗಳನ್ನು ನೆನಪಿನಿಂದ ಬರೆದಿದ್ದೇನೆ, ಒಂದೆರಡು ಆಚೀಚೆ ಇರಬಹುದು.

ಐವರೂ ಹೊರಗೆ ನಿಂತು ಆಡುವ ಈ ‘ಫೈವ್ ಔಟ್’ ಪದ್ಧತಿ ನನ್ನದಲ್ಲ, ಟಾಮ್ ಹೋವಾಸ್ ಅವರಿಂದ ಎತ್ತಿಕೊಂಡದ್ದು. ಅಮೆರಿಕದವರು, ಟೊಯೊಟಾ ತಂಡಕ್ಕೆ ಆಡಲು ಜಪಾನಿಗೆ ಹೋಗಿ ಮುಂದೆ ಅಲ್ಲೇ ಕೋಚ್ ಆದವರು. ಜೆಎಕ್ಸ್-ಎನಿಯೋಸ್ ಮಹಿಳಾ ಕ್ಲಬ್ಬಿನಲ್ಲಿ ಕೋಚಿಂಗ್, 2016ರ ರಿಯೋದಲ್ಲಿ ರಾಷ್ಟ್ರೀಯ ಮಹಿಳಾ ತಂಡಕ್ಕೆ ಸಹಾಯಕ, 2017ರಲ್ಲಿ ಮುಖ್ಯ ಕೋಚ್. ದುಭಾಷಿ ಇಲ್ಲದೆ ಜಪಾನಿ ಭಾಷೆಯಲ್ಲೇ ಬೈಯುವ, ಜಪಾನಿ ಭಾಷೆಯಲ್ಲೇ ಹೊಗಳುವ ಮನುಷ್ಯ. ನಮಗೆ ಅವರ ನಂಟು ಹತ್ತಿರದ್ದು, ಏಕೆಂದರೆ ಮುಖ್ಯ ಕೋಚ್ ಆಗಿ ಅವರ ಎರಡೂ ಏಷ್ಯಾ ಕಪ್ ಗೆಲುವುಗಳು ಬೆಂಗಳೂರಿನವೇ. 2017ರ ಫೈನಲ್‌ನಲ್ಲಿ ಆಸ್ಟ್ರೇಲಿಯಾ ಮೇಲೆ 74-73, 2019ರಲ್ಲಿ ಚೀನಾ ಮೇಲೆ 71-68. ಅದೇ 2017ರ ಕೂಟದ ಎರಡನೇ ದರ್ಜೆಯ ಡಿವಿಷನ್ ಬಿ ಫೈನಲ್‌ನಲ್ಲಿ ಭಾರತದ ಹುಡುಗಿಯರು ಕಝಾಕಸ್ತಾನವನ್ನು 75-73ಕ್ಕೆ ಹೊಡೆದದ್ದರಿಂದ ಊರೆಲ್ಲ ಅದನ್ನೇ ಮಾತಾಡಿತು. ಜಪಾನ್ ಏನು ಮಾಡಿಹೋಯಿತು ಅಂತ ಕೂತು ನೋಡಿದವರು ಕಡಿಮೆ.

ಟೋಕಿಯೋ ಒಲಿಂಪಿಕ್ಸ್ ಹೊತ್ತಿಗೆ ಅವರ ಅತಿ ಎತ್ತರದ ಆಟಗಾರ್ತಿ ರಾಮು ತೊಕಾಶಿಕಿ ಮಂಡಿ ಗಾಯದಿಂದ ಹೊರಗಿದ್ದರು. ಸೆಂಟರ್ ಜಾಗದಲ್ಲಿ ನಿಂತದ್ದು 185 ಸೆಂ.ಮೀ.ನ ಮಾಕಿ ತಕಾದಾ, ಆಕೆಯೂ ಮೂರು ಪಾಯಿಂಟಿನ ಗೆರೆಯಾಚೆಯಿಂದ ಶೂಟ್ ಮಾಡುವವಳು. ಐದೂ ಜನ ಹೊರಗೆ. ಪಂದ್ಯಕ್ಕೆ ಮೂವತ್ತರ ಮೇಲೆ ತ್ರೀ ಪಾಯಿಂಟ್ ಪ್ರಯತ್ನ, ನೂರಕ್ಕೆ 38ರ ಹತ್ತಿರ ಬಿದ್ದವು. ಕ್ವಾರ್ಟರ್ ಫೈನಲ್‌ನಲ್ಲಿ ಬೆಲ್ಜಿಯಂ ಮೇಲೆ 86-85, ಸೆಮಿಫೈನಲ್‌ನಲ್ಲಿ ಫ್ರಾನ್ಸ್ ಮೇಲೆ 87-71. ಆ ಪಂದ್ಯದಲ್ಲಿ 162 ಸೆಂ.ಮೀ.ನ ರುಯಿ ಮಾಚಿದಾ ಒಬ್ಬಳದೇ 18 ಅಸಿಸ್ಟ್ (ಬಾಸ್ಕೆಟ್‌ಗೆ ದಾರಿ ಮಾಡಿದ ಪಾಸ್). ಫೈನಲ್‌ನಲ್ಲಿ ಅಮೆರಿಕಕ್ಕೆ 90-75ಕ್ಕೆ ಸೋತು ಬೆಳ್ಳಿ. ಮಾಚಿದಾಳ ಎತ್ತರ ಇನ್ನೊಮ್ಮೆ ಓದಿ: ನಮ್ಮ ತಂಡದ ಸರಾಸರಿ ಅದೇ.

ಇದನ್ನು ಹೇಳಿದ ತಕ್ಷಣ ‘ಅವರದು ಜಪಾನ್ ಸಾರ್, ವರ್ಷವೆಲ್ಲ ಕ್ಯಾಂಪು’ ಅನ್ನುತ್ತಾರೆ. ಹೌದು. ಕಂಪನಿ ಕ್ಲಬ್ಬುಗಳಲ್ಲಿ ಸಂಬಳಕ್ಕೆ ಆಡುವವರ ಜೊತೆ ನಮ್ಮ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳನ್ನು ಹೋಲಿಸಲು ಆಗದು. ನಮಗೆ ಸಿಗುವುದು ಸಂಜೆ ಐದೂವರೆಯಿಂದ ಏಳೂವರೆ, ವಾರಕ್ಕೆ ಐದು ದಿನ. ಫೆಬ್ರವರಿ-ಮಾರ್ಚ್ ಪರೀಕ್ಷೆಗೆ ಹೋಯಿತು, ಜೂನಿನಿಂದ ಮಳೆ. ಹಾಗಾಗಿ ಅವರ ಸೆಟ್‌ಗಳನ್ನು (ಮೊದಲೇ ಗೊತ್ತುಮಾಡಿಕೊಂಡ ಆಟಗಳನ್ನು) ಮುಟ್ಟಲೇ ಇಲ್ಲ. ತೆಗೆದುಕೊಂಡದ್ದು ಮೂರು: ಜಾಗ, ಶಾಟ್ ಆಯ್ಕೆ, ಓಟ.

ಮೊದಲು ಲೆಕ್ಕ. ನಮ್ಮ ಮಕ್ಕಳು ರಿಂಗ್ ಕೆಳಗೆ ಎತ್ತರದವರ ಎದುರು ಬೆನ್ನು ಕೊಟ್ಟು ಆಡಿ ಎತ್ತಿದ ಶಾಟ್ ನೂರಕ್ಕೆ 35ರಷ್ಟು ಬೀಳುತ್ತಿತ್ತು. ಅಂದರೆ ಶಾಟಿಗೆ 0.7 ಪಾಯಿಂಟ್. ಗೆರೆಗೆ ಒಂದು ಹೆಜ್ಜೆ ಒಳಗೆ ನಿಂತು ಎತ್ತುವ ಜಂಪ್ ಶಾಟ್ ಇನ್ನೂ ಕಡೆ, 30ರಷ್ಟು, ಅಂದರೆ 0.6. ತ್ರೀ ನೂರಕ್ಕೆ 27 ಬಿದ್ದರೂ 0.81. ಕಟ್ ಮಾಡಿ (ಬಾಲ್ ಇಲ್ಲದೆ ರಿಂಗಿಗೆ ಓಡಿ) ಸಿಗುವ ಖಾಲಿ ಲೇಅಪ್ (ರಿಂಗಿನ ಪಕ್ಕದಿಂದಲೇ ಹಾಕುವ ಶಾಟ್) 55ರಿಂದ 60, ಅಂದರೆ 1.1ರ ಮೇಲೆ. ಈ ನಾಲ್ಕು ಅಂಕಿಗಳನ್ನು ಬೋರ್ಡಿನ ಕಂಬಕ್ಕೆ ಪೇಂಟ್ ಮಾಡಿಸಿ ಇಟ್ಟಿದ್ದೇನೆ. ತಂದೆತಾಯಿಗಳ ಜೊತೆಗಿನ ವಾದ ಅಲ್ಲೇ ಅರ್ಧ ಮುಗಿಯುತ್ತದೆ. ಗುರಿ ಇಷ್ಟೇ: ಪಂದ್ಯಕ್ಕೆ 25 ತ್ರೀ ಎತ್ತಬೇಕು, 7 ಬೀಳಬೇಕು, ಉಳಿದದ್ದೆಲ್ಲ ಲೇಅಪ್ ಇಲ್ಲವೇ ಫ್ರೀ ಥ್ರೋ.

ಹೀಗೆ ಅಂದುಕೊಂಡು ಮಕ್ಕಳನ್ನು ಸೀದಾ ಗೆರೆಯ ಹಿಂದೆ ನಿಲ್ಲಿಸಿದರೆ ಕೆಟ್ಟಿತು ಅಂತಲೇ ಲೆಕ್ಕ. ಹದಿನಾಲ್ಕರ ಹುಡುಗಿಗೆ 6.75 ಮೀಟರ್ ದೂರಕ್ಕೆ ಕೈಬಲ ಸಾಲದು. ಬಾಲ್ ಸೊಂಟಕ್ಕೆ ಇಳಿಯುತ್ತದೆ, ಮೊಣಕೈ ಹೊರಗೆ ಬರುತ್ತದೆ, ಎರಡೂ ಕೈಯಿಂದ ಎದೆಯಿಂದ ಎಸೆಯುತ್ತಾಳೆ. ಚಪ್ಪಟೆಯಾಗಿ ಹೋದ ಬಾಲ್ ರಿಂಗಿನ ಮುಂದಿನ ಅಂಚಿಗೆ ಬಡಿದು ವಾಪಸ್. ಈ ಚಾಳಿ ಒಂದು ತಿಂಗಳಲ್ಲಿ ಕೂರುತ್ತದೆ, ಬಿಡಿಸಲು ಆರು ತಿಂಗಳು ಬೇಕು. ಕೆಲವರಲ್ಲಿ ಬಿಡಿಸಲೇ ಆಗಲಿಲ್ಲ, ಅವರನ್ನು ಡ್ರೈವ್ ಮಾಡುವ, ಅಂದರೆ ಡ್ರಿಬಲ್ ಮಾಡುತ್ತ ರಿಂಗಿಗೆ ನುಗ್ಗುವ ಕೆಲಸಕ್ಕೆ ಹಾಕಿಕೊಂಡೆವು.

ಸರಿಹೋದದ್ದು ಹೀಗೆ. ರಿಂಗಿನ ನಡುಮಧ್ಯದಿಂದ ಟೇಪ್ ಹಿಡಿದು 4, 5, 5.75, 6.75 ಮೀಟರಿಗೆ ನಾಲ್ಕು ಕಮಾನು, ಬೇರೆ ಬೇರೆ ಬಣ್ಣ. ನಾಲ್ಕು ಮೀಟರಿನಿಂದ ಶುರು. ಒಂದು ಗೆರೆಯಲ್ಲಿ ಎರಡೂ ಮೂಲೆ, ಎರಡೂ ವಿಂಗ್ (45 ಡಿಗ್ರಿ ಬದಿ), ಟಾಪ್ (ರಿಂಗಿಗೆ ನೇರ ಎದುರು), ಐದೂ ಜಾಗದಿಂದ ಹತ್ತಕ್ಕೆ ಏಳು ಹಾಕಿದರೆ ಮಾತ್ರ ಹಿಂದಿನ ಗೆರೆಗೆ ಬಡ್ತಿ. 5.75ಕ್ಕೆ ಬರುವಾಗ ಹತ್ತಕ್ಕೆ ಆರು ಸಾಕು, 6.75ರಲ್ಲಿ ನಾಲ್ಕು. ಶಾಟಿನ ಆಕಾರ ಕೆಟ್ಟರೆ ಬಿದ್ದರೂ ಲೆಕ್ಕಕ್ಕಿಲ್ಲ. ಚುರುಕಾದ ಹುಡುಗಿ ನಾಲ್ಕೈದು ತಿಂಗಳಲ್ಲಿ ಹಿಂದಿನ ಗೆರೆಗೆ ಬರುತ್ತಾಳೆ, ಉಳಿದವರಿಗೆ ಒಂದು ಸೀಸನ್ ಬೇಕು. ಬಲ ಕಾಲಿನಿಂದ ಬರಬೇಕು. ಮಂಡಿ ಮಡಚಿದ ಗಳಿಗೆಯೂ ಬಾಲ್ ಮೇಲೇಳುವ ಗಳಿಗೆಯೂ ಒಂದಾಗದಿದ್ದರೆ ಭುಜವೇ ಎಲ್ಲ ಹೊರಬೇಕಾಗುತ್ತದೆ. ಬಾಲ್ ಕೈಗೆ ಬರುವ ಮೊದಲೇ ಮಂಡಿ ಮಡಚಿರಲಿ, ಹಿಡಿದ ಮೇಲೆ ಕೆಳಗಿಳಿಸುವುದು ಬೇಡ. ಹುಡುಗಿಯರಿಗೆ ಇದೊಂದರಿಂದ ಅರ್ಧ ಮೀಟರ್ ದೂರ ಸಿಕ್ಕಿತು.

ಗೆರೆ ಅಂದೆನಲ್ಲ, ಒಂದು ಎಚ್ಚರಿಕೆ. ನಮ್ಮ ಶಾಲಾ-ಕಾಲೇಜು ಮೈದಾನಗಳಲ್ಲಿ ಎಷ್ಟೋ ಕಡೆ ಇರುವುದು ಹಳೆಯ 6.25ರ ಗೆರೆ. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ 6.75 ಮಾಡಿದ್ದು 2010ರಲ್ಲಿ, ಪೇಂಟ್ ಹೊಡೆಯುವವನು ಹಳೇ ಗೆರೆಯ ಮೇಲೇ ಹೊಡೆದು ಹೋಗುತ್ತಾನೆ. ಒಳಾಂಗಣಕ್ಕೆ ಹೋದ ದಿನ ಮಕ್ಕಳ ಶಾಟ್ ಎಲ್ಲ ಅರ್ಧ ಮೀಟರ್ ಗಿಡ್ಡ ಬಿದ್ದರೆ ಕಾರಣ ಇದೇ, ಹೆದರಿಕೆ ಅಲ್ಲ. ಎಂಡ್ ಲೈನಿನ ಒಳ ಅಂಚಿನಿಂದ 1.575 ಮೀಟರ್ ಮುಂದೆ ರಿಂಗಿನ ನಡು ಬರುತ್ತದೆ, ಅಲ್ಲಿಂದ ಅಳೆಯಿರಿ. ಮೂಲೆಯಲ್ಲಿ ಗೆರೆ ನೇರ, ಸೈಡ್ ಲೈನಿನಿಂದ 90 ಸೆಂ.ಮೀ. ಕೋರ್ಟ್ ಅಗಲ 15 ಮೀಟರ್ ಇಲ್ಲದಿದ್ದರೆ ಆ ಪಟ್ಟಿ ಇನ್ನೂ ಕಿರಿದು, ಹಿಮ್ಮಡಿ ಹೊರಗೆ ಹೋಗುವುದು ಅಭ್ಯಾಸವಾಗಿಬಿಡುತ್ತದೆ. ಅಂಥ ಕೋರ್ಟಿನಲ್ಲಿ ಮೂಲೆಯ ಶಾಟನ್ನು 45 ಡಿಗ್ರಿ ಕಡೆಗೆ ಒಂದು ಹೆಜ್ಜೆ ಮೇಲೆ ತೆಗೆದುಕೊಳ್ಳುವುದೇ ಒಳ್ಳೇದು. ಹಾಗೇ ರಿಂಗನ್ನೂ ಅಳೆಯಿರಿ. ಹೊರಗಿನ ರಿಂಗುಗಳಿಗೆ ಜೋತು ಬೀಳುವ ಹುಡುಗರಿಂದ ಮುಂದಿನ ಅಂಚು ಮೂರ್ನಾಲ್ಕು ಸೆಂ.ಮೀ. ಇಳಿದಿರುತ್ತದೆ.

ಹನ್ನೆರಡು ಮಕ್ಕಳು, ಎರಡು ರಿಂಗ್, ಎಂಟು ಬಾಲ್ ಇದ್ದರೆ ಶೂಟಿಂಗ್ ಹೀಗೆ ನಡೆಯುತ್ತದೆ. ಮೂವರ ನಾಲ್ಕು ಗುಂಪು, ರಿಂಗಿಗೆ ಎರಡು ಗುಂಪು, ಗುಂಪಿಗೆ ಎರಡು ಬಾಲ್. ಒಬ್ಬಳು ಶೂಟ್, ಒಬ್ಬಳು ರೀಬೌಂಡ್, ಒಬ್ಬಳು ಪಾಸ್. ಒಂದೂವರೆ ನಿಮಿಷಕ್ಕೆ 16ರಿಂದ 18 ಶಾಟ್ ಆಗುತ್ತವೆ, ಮೂವರು ಸುತ್ತಿಬರಲು ನಾಲ್ಕೂವರೆ ನಿಮಿಷ. ಆರು ಸುತ್ತಿಗೆ ಅರ್ಧ ಗಂಟೆಯೊಳಗೆ ತಲಾ ನೂರು ಶಾಟ್. ಸಾಲಾಗಿ ನಿಂತು ಒಬ್ಬೊಬ್ಬರೇ ಎಸೆದರೆ ಅದೇ ಅರ್ಧ ಗಂಟೆಯಲ್ಲಿ ಇಪ್ಪತ್ತೂ ಆಗುವುದಿಲ್ಲ. ರೀಬೌಂಡ್ ಮಾಡುವವಳು ಸುಮ್ಮನೆ ಬಾಲ್ ಹೆಕ್ಕುವ ಹಾಗಿಲ್ಲ, ನೆಲ ಮುಟ್ಟುವ ಮೊದಲೇ ಹಿಡಿಯಬೇಕು. ಆ ವಿಷಯ ಮುಂದೆ ಬರುತ್ತದೆ.

ಈಗ ಜಾಗ. ಟಾಪ್, ಎರಡು ವಿಂಗ್, ಎರಡು ಮೂಲೆ. ಐವರೂ ಗೆರೆಯಿಂದ ಒಂದಡಿ ಹಿಂದೆ. ಪಕ್ಕಪಕ್ಕದ ಇಬ್ಬರ ನಡುವೆ ನಾಲ್ಕೂವರೆ ಮೀಟರ್. ಹೇಳುವುದು ಸುಲಭ, ನಿಲ್ಲಿಸುವುದು ಕಷ್ಟ. ಶಾಲೆಯಿಂದಲೂ ‘ಒಳಗೆ ಹೋಗು, ರೀಬೌಂಡಿಗೆ ನಿಲ್ಲು’ ಅಂತ ಕೇಳಿ ಬೆಳೆದ ಮಕ್ಕಳು, ಮೂಲೆಯಲ್ಲಿ ನಿಂತವಳು ತನಗೇ ಗೊತ್ತಿಲ್ಲದೆ ಎರಡು ಹೆಜ್ಜೆ ಒಳಗೆ ಬರುತ್ತಾಳೆ. ಅವಳ ಹಿಂದೆಯೇ ಅವಳನ್ನು ಕಾಯುವವಳೂ ಒಳಗೆ, ಅಲ್ಲಿಗೆ ಡ್ರೈವ್ ಮಾಡುವ ದಾರಿ ಮುಚ್ಚಿತು. ನಮ್ಮ ಆಫೆನ್ಸ್ ಕೆಟ್ಟ ಪ್ರತಿ ಸಲವೂ ವಿಡಿಯೋ ನೋಡಿದರೆ ಕಾರಣ ಅದೇ, ಮೂಲೆ ಖಾಲಿ. ಹಳೇ ಸೈಕಲ್ ಟೈರ್ ಐದು ತಂದು ಐದು ಜಾಗದಲ್ಲಿ ಹಾಕಿದೆ. ಕಟ್ ಮಾಡಿ ಹೊರಬಂದವಳ ಕಾಲು ಟೈರಿನೊಳಗೆ ಬೀಳುವ ತನಕ ಮುಂದಿನ ಪಾಸ್ ಇಲ್ಲ. ಟೈರಿಗೆ ಖರ್ಚು ಸೊನ್ನೆ, ಪಂಕ್ಚರ್ ಅಂಗಡಿಯವನು ಸುಮ್ಮನೆ ಕೊಟ್ಟ. ಓಡುವ ಆಟಕ್ಕೆ ಮಾತ್ರ ಟೈರ್ ತೆಗೆಯಿರಿ, ಕಾಲು ಹೊರಳುತ್ತದೆ. ಅಲ್ಲಿ ಸೀಮೆಸುಣ್ಣದ ಗುರುತು ಸಾಕು.

ನಿಯಮಗಳು ನಾಲ್ಕೇ, ಸೆಟ್ ಪ್ಲೇ ಒಂದೂ ಇಲ್ಲ. ಪಾಸ್ ಮಾಡಿದವಳು ರಿಂಗಿಗೆ ಕಟ್ ಮಾಡಬೇಕು. ಖಾಲಿಯಾದ ಜಾಗವನ್ನು ಪಕ್ಕದವಳು ತುಂಬಬೇಕು. ನಿನ್ನನ್ನು ಕಾಯುವವಳ ಕೈಯಾಗಲಿ ಕಾಲಾಗಲಿ ಪಾಸಿನ ದಾರಿಯಲ್ಲಿದ್ದರೆ, ಅವಳ ಬೆನ್ನ ಹಿಂದಿನಿಂದ ರಿಂಗಿಗೆ ಹೋಗು. ಯಾರಾದರೂ ಬೇಸ್‌ಲೈನ್ ಕಡೆ ಡ್ರೈವ್ ಮಾಡಿದರೆ ಎದುರು ಮೂಲೆ ಖಾಲಿ ಇರಬಾರದು. ಇಷ್ಟರಲ್ಲಿ ಮೂರನೆಯದಕ್ಕೇ ನಮಗೆ ಜಾಸ್ತಿ ಪಾಯಿಂಟ್ ಬಂದದ್ದು, ಏಕೆಂದರೆ ತ್ರೀ ಬೀಳಲು ಶುರುವಾದ ಮೇಲೆ ಎದುರಿನವರು ಮೈಮೇಲೆ ಬಿದ್ದು ಕಾಯುತ್ತಾರೆ, ಬೆನ್ನ ಹಿಂದೆ ಇಡೀ ಮೈದಾನ ಖಾಲಿ.

ಕಲಿಸುವ ಕ್ರಮ: ಮೊದಲು ಎದುರಾಳಿ ಇಲ್ಲದೆ ಮೂವರು, ಆಮೇಲೆ ಐವರು. ಅದಾದ ಮೇಲೆ ನಾಲ್ವರ ಎದುರು ನಾಲ್ವರು, ಡ್ರಿಬಲ್ ಪೂರ್ತಿ ನಿಷೇಧ, ಲೇಅಪ್ ಮಾತ್ರ ಪಾಯಿಂಟ್, ಏಳಕ್ಕೆ ಆಟ. ಇಲ್ಲೇ ಮಕ್ಕಳಿಗೆ ಕಣ್ಣು ಬಿಡುವುದು. ನಂತರ ಒಂದು ಡ್ರಿಬಲ್, ಆಮೇಲೆ ಬಿಟ್ಟುಬಿಡಿ. ಅವಸರ ಮಾಡಿ ಎರಡನೇ ವಾರಕ್ಕೇ ಐವರ ಆಟ ಆಡಿಸಿದರೆ ಕಟ್ ಮಾಡಿದವಳು ರಿಂಗ್ ಕೆಳಗೇ ನಿಂತು ಕೈ ಎತ್ತಿ ಬಾಲ್ ಕೇಳುತ್ತಾಳೆ. ಅಲ್ಲಿ ಮೂರು ಸೆಕೆಂಡ್ ಮೀರಿ ನಿಂತದ್ದಕ್ಕೆ ವಿಸಿಲ್ ಬೀಳುತ್ತದೆ, ಹಿಂದಿನವಳ ಕಟ್‌ಗೂ ಅಡ್ಡ. ನಮ್ಮಲ್ಲಿ ಕಟ್ ಮಾಡಿದವಳು ನೆಟ್ಟಿನ ಕೆಳಗೆ ದಾಟಿ ಎಂಡ್ ಲೈನನ್ನು ಕಾಲಿನಿಂದ ಮುಟ್ಟಿಯೇ ಮೂಲೆಗೆ ಹೋಗಬೇಕು ಅಂತ ಮಾಡಿದ ಮೇಲೆ ಅದು ನಿಂತಿತು. ಇನ್ನೊಂದು: ಮೂಲೆಯಿಂದ ಎದುರು ಮೂಲೆಗೆ ನೇರ ಪಾಸ್ ಬೇಡವೇ ಬೇಡ. ನಮ್ಮ ಮಕ್ಕಳ ಕೈಯಲ್ಲಿ ಆ ಬಾಲ್ ಗಾಳಿಯಲ್ಲಿ ತೇಲುತ್ತದೆ, ಎದುರಿನ ಗಾರ್ಡ್ ಹಿಡಿದು ಸೀದಾ ಲೇಅಪ್ಪಿಗೆ. ಟಾಪ್ ಮೂಲಕ ಎರಡು ಪಾಸ್‌ನಲ್ಲಿ ದಾಟಿಸಿದರೆ ಕಾಲು ಸೆಕೆಂಡ್ ತಡವಾದರೂ ಸುರಕ್ಷಿತ.

ನಮ್ಮ ಕಡೆ ಎಲ್ಲರೂ 2-3 ಝೋನಿಗೆ (ಮುಂದೆ ಇಬ್ಬರು, ಹಿಂದೆ ಮೂವರು ನಿಂತು ಜಾಗ ಕಾಯುವುದು) ಹೋಗುತ್ತಾರೆ, ಅದಕ್ಕೂ ಸಿದ್ಧವಿರಬೇಕು. ಝೋನ್ ಎದುರು ಪಾಸ್-ಕಟ್ ಒಂದೇ ಸಾಲದು. ಟಾಪ್ ಜಾಗವನ್ನು ಖಾಲಿ ಮಾಡಿ ಇಬ್ಬರು ಗಾರ್ಡುಗಳನ್ನು ಅವರ ಮುಂದಿನ ಇಬ್ಬರ ಸಂದಿಗಳಿಗೆ ಎದುರು ನಿಲ್ಲಿಸಿ, ಒಬ್ಬಳನ್ನು ಫ್ರೀ ಥ್ರೋ ಗೆರೆಗೆ ಒಳಕ್ಕೆ ಬಂದು ಹೋಗುವಂತೆ ಮಾಡಿದೆವು. ಅವಳ ಕೈಗೆ ಬಾಲ್ ಹೋದರೆ ನಡುವಿನವಳು ಮುಂದೆ ಬರಲೇಬೇಕು, ಮೂಲೆ ತೆರೆಯುತ್ತದೆ. ಆ ಹುಡುಗಿ ಎತ್ತರದವಳಾಗಬೇಕಿಲ್ಲ, ತಿರುಗಿ ನೋಡುವವಳಾಗಬೇಕು. ನಮ್ಮಲ್ಲಿ ಆ ಕೆಲಸ ಮಾಡುವುದು ತಂಡದ ಅತಿ ಗಿಡ್ಡ ಹುಡುಗಿ. ಅವಳು ಯಾವಾಗ ಒಳಗೆ ಬರಬೇಕು ಅನ್ನುವುದಕ್ಕೆ ನಮ್ಮ ಹತ್ತಿರ ಒಂದು ಗುರುತಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಪಕ್ಕದ ಜಿಲ್ಲೆಯವರೂ ಓದುತ್ತಾರೆ.

ರೀಬೌಂಡ್ ಪ್ರಶ್ನೆಗೆ ಬರೋಣ. ದೂರದಿಂದ ಎತ್ತಿದ ಬಾಲ್ ತಪ್ಪಿದರೆ ದೂರಕ್ಕೇ ಪುಟಿಯುತ್ತದೆ, ಅದರಲ್ಲೂ ಮೂಲೆಯ ಶಾಟ್ ಹೆಚ್ಚಿನ ಸಲ ಎದುರು ಬದಿಗೆ. ರಿಂಗ್ ಕೆಳಗೆ ನಿಂತ ಎತ್ತರದವಳ ತಲೆ ಮೇಲಿಂದ ಅದು ಹೊರಕ್ಕೆ ಬೀಳುತ್ತದೆ. ಅಲ್ಲಿ ಬೇಕಾದದ್ದು ಎತ್ತರವಲ್ಲ, ಮೊದಲು ಹೊರಡುವ ಕಾಲು. ಶಾಟ್ ಹೋದ ಬದಿಗೆ ಎದುರಿನ ವಿಂಗ್ ಮತ್ತು ಮೂಲೆಯವರು, ಇಬ್ಬರೇ, ಒಳಗೆ ನುಗ್ಗಬೇಕು, ಮೂವರು ಹಿಂದಕ್ಕೆ. ಮೂವರನ್ನು ಕಳಿಸಿ ನೋಡಿದ್ದಾಯಿತು: ಒಂದೋ ಎರಡೋ ರೀಬೌಂಡ್ ಜಾಸ್ತಿ ಸಿಕ್ಕವು, ಎದುರಿನವರು ಓಡಿಹೋದ ಫಾಸ್ಟ್ ಬ್ರೇಕಿನಲ್ಲಿ ಹತ್ತು ಪಾಯಿಂಟ್ ಹೋಯಿತು. ನಮ್ಮ ರಿಂಗಿನಲ್ಲಿ ಡಿಫೆನ್ಸ್ ರೀಬೌಂಡಿಗೆ ಐವರೂ ಬಾಕ್ಸ್ ಔಟ್, ಅಂದರೆ ಎದುರಾಳಿಯನ್ನು ಬೆನ್ನಿನಿಂದ ತಡೆದು ನಿಲ್ಲುವುದು. ಎತ್ತರದವಳನ್ನು ಕಾಯುವವಳಿಗೆ ಬಾಲ್ ಹಿಡಿಯುವ ಜವಾಬ್ದಾರಿಯೇ ಇಲ್ಲ. ಅವಳ ತೊಡೆಗೆ ಬೆನ್ನು ಒತ್ತಿ ಹೊರಕ್ಕೆ ತಳ್ಳಿಕೊಂಡು ಹೋಗುವುದಷ್ಟೇ ಕೆಲಸ, ಬಾಲನ್ನು ಉಳಿದ ನಾಲ್ವರು ನೋಡಿಕೊಳ್ಳುತ್ತಾರೆ. ಕೈಗೆ ಎಟುಕದಿದ್ದರೆ ಹಿಡಿಯಲು ಹೋಗದೆ ಒಂದೇ ಕೈಯಿಂದ ಹೊರಗೆ ತಟ್ಟು. ಈ ತಟ್ಟುವುದನ್ನು ದಿನಾ ಐದು ನಿಮಿಷ ಮಾಡಿಸಿದ್ದೇವೆ, ಬೇರೆಯವರು ಮಾಡಿಸುವುದನ್ನು ನಾನು ನೋಡಿಲ್ಲ.

ಪೋಸ್ಟಿನಲ್ಲಿ ಹಿಂದೆ ನಿಂತು ಕಾಯುವುದು ನಮ್ಮಂಥವರಿಗೆ ಆಗದ ಮಾತು. ಮುಂದೆ ನಿಲ್ಲಬೇಕು, ಬಾಲಿಗೂ ಎದುರಿನ ಎತ್ತರದವಳಿಗೂ ನಡುವೆ. ಆಗ ಉಳಿಯುವುದು ತಲೆ ಮೇಲಿನ ಲಾಬ್ ಪಾಸ್ ಒಂದೇ. ಅದನ್ನು ಎದುರು ಬದಿಯವಳು ಬಂದು ಹಿಡಿಯಬೇಕು, ಹಾಗೆ ಬರಲು ಸಮಯ ಸಿಗಬೇಕಾದರೆ ಪಾಸ್ ಮಾಡುವವಳ ಮೇಲೆ ಒತ್ತಡ ಇರಬೇಕು. ಅಲ್ಲಿ ಸಡಿಲವಾದರೆ ಮುಂದೆ ನಿಂತದ್ದೂ ವ್ಯರ್ಥ. ಹೇಗೋ ಒಳಗೆ ಬಾಲ್ ಹೋಗಿಬಿಟ್ಟರೆ, ಅವಳು ಮೊದಲ ಡ್ರಿಬಲ್ ನೆಲಕ್ಕೆ ಹಾಕಿದ ಕ್ಷಣ ಬೇಸ್‌ಲೈನ್ ಕಡೆಯಿಂದ ಎರಡನೆಯವಳು. ಡ್ರಿಬಲ್‌ಗೆ ಮೊದಲೇ ಹೋದರೆ ಅವಳು ಮೇಲಿಂದಲೇ ಪಾಸ್ ಮಾಡಿಬಿಡುತ್ತಾಳೆ.

ಪೂರ್ತಿ ಕೋರ್ಟ್ ಒತ್ತಡವೇ ಇದರ ಇನ್ನರ್ಧ. ನಾವು ಬಾಸ್ಕೆಟ್ ಹಾಕಿದ ಪ್ರತಿ ಸಲ ಮ್ಯಾನ್-ಟು-ಮ್ಯಾನ್ (ಒಬ್ಬಳಿಗೆ ಒಬ್ಬಳು), ಮೊದಲ ಪಾಸನ್ನು ತಡೆಯಲು ಹೋಗುವುದಿಲ್ಲ, ಡ್ರಿಬಲ್ ಮಾಡುವವಳನ್ನು ಸೈಡ್ ಲೈನಿಗೆ ತಿರುಗಿಸುವುದು. ಹಾಫ್ ಲೈನ್ ದಾಟಿದ ಕೂಡಲೇ ಮೂಲೆಯಲ್ಲಿ ಇಬ್ಬರು ಸೇರಿ ಟ್ರ್ಯಾಪ್. ಹಿಂದೆ ಪಾಸ್ ಮಾಡಿದರೆ ಬ್ಯಾಕ್‌ಕೋರ್ಟ್, ಎರಡು ಕಡೆ ಗೆರೆ, ಎರಡು ಕಡೆ ಹುಡುಗಿಯರು. 8 ಸೆಕೆಂಡಿನೊಳಗೆ ಅವರು ಹಾಫ್ ಲೈನ್ ದಾಟದಂತೆ ಮಾಡಲು ಆಗುವುದು ಅಪರೂಪ, ನಮಗೆ ಬೇಕಾದದ್ದೂ ಅದಲ್ಲ. ಅವರ ದೊಡ್ಡವಳು ಪೋಸ್ಟಿಗೆ ಬಂದು ನಿಲ್ಲುವಾಗ ಶಾಟ್ ಎತ್ತಲು ಇರುವ 24ರಲ್ಲಿ ಹತ್ತೇ ಸೆಕೆಂಡ್ ಉಳಿದಿರಬೇಕು, ಮತ್ತು ಮೂರನೇ ಕ್ವಾರ್ಟರಿನಲ್ಲಿ ಅವಳ ಕಾಲು ಸೋತಿರಬೇಕು. ಇದಕ್ಕೆ ಹತ್ತು ಜನ ಬೇಕು. ಮೂರು-ನಾಲ್ಕು ನಿಮಿಷಕ್ಕೊಮ್ಮೆ ಬದಲಾವಣೆ, ಯಾರೂ 24 ನಿಮಿಷ ದಾಟುವುದಿಲ್ಲ. ‘ನಮ್ಮ ಹುಡುಗಿ ಸ್ಟಾರು, ಅವಳನ್ನ ಯಾಕೆ ಕೂರಿಸ್ತೀರಿ ಸಾರ್’ ಅನ್ನುವ ಅಪ್ಪಂದಿರಿಗೆ ಉತ್ತರ ಸಿದ್ಧವಿಟ್ಟುಕೊಳ್ಳಿ. ಒಂದು ಕ್ವಾರ್ಟರಿನಲ್ಲಿ ತಂಡದ ಫೌಲ್ ನಾಲ್ಕಾದ ಮೇಲೆ ಟ್ರ್ಯಾಪ್ ನಿಲ್ಲಿಸಿ. ಐದನೆಯದರಿಂದ ಎರಡು ಫ್ರೀ ಥ್ರೋ, ಎತ್ತರದ ತಂಡಕ್ಕೆ ನಾವೇ ಕುಳ್ಳಿರಿಸಿ ಊಟ ಬಡಿಸಿದಂತೆ.

ಓಟದ ತಂಡಕ್ಕೆ ರಕ್ತ ಬೇಕು, ಇದು ಅಲಂಕಾರದ ಮಾತಲ್ಲ. ಸೀಸನ್ ಶುರುವಾಗುವ ಮೊದಲು ಎಲ್ಲರ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ತಲಾ ನೂರು-ನೂರೈವತ್ತು ರೂಪಾಯಿ. 12ಕ್ಕಿಂತ ಕಡಿಮೆ ಇದ್ದವರನ್ನು ವೈದ್ಯರ ಹತ್ತಿರ ಕಳಿಸಿ. ನಮ್ಮಲ್ಲಿ ಅರ್ಧದಷ್ಟು ಮಕ್ಕಳದ್ದು ಕಡಿಮೆ ಇತ್ತು, ‘ಸೋಮಾರಿ’ ಅಂತ ಹೆಸರು ಹೊತ್ತಿದ್ದ ಇಬ್ಬರದು ಹತ್ತನ್ನೂ ಮುಟ್ಟಿರಲಿಲ್ಲ. ಅಭ್ಯಾಸ ಮುಗಿದ ಮೇಲೆ ಎರಡು ಮೊಟ್ಟೆ, ಒಂದು ಬಾಳೆಹಣ್ಣು, ಮೊಟ್ಟೆ ತಿನ್ನದವರಿಗೆ ಕಡಲೆಕಾಯಿ ಚಿಕ್ಕಿ ಮತ್ತು ಮೊಳಕೆಕಾಳು. ಇದಕ್ಕೇ ತಿಂಗಳಿಗೆ ಐದು ಸಾವಿರದ ಹತ್ತಿರ, ಒಟ್ಟು ಖರ್ಚಿನಲ್ಲಿ ಇದಕ್ಕಿಂತ ಲಾಭದ ಬಾಬತ್ತು ಇನ್ನೊಂದಿಲ್ಲ.

ದುಡ್ಡು ತಿನ್ನುವುದು ಬಾಲು. ಸಿಮೆಂಟ್ ಕೋರ್ಟ್ ಉಪ್ಪುಕಾಗದದಂತೆ ಉಜ್ಜುತ್ತದೆ. ಎರಡು ಸಾವಿರದ ಕಾಂಪೋಸಿಟ್ ಬಾಲ್ ನಾಲ್ಕೇ ತಿಂಗಳಿಗೆ ನುಣ್ಣಗಾಗಿ, ಬೆವರು ಕೈಯಲ್ಲಿ ಜಾರುತ್ತದೆ. ದಿನದ ಶೂಟಿಂಗಿಗೆ ಆರುನೂರು-ಎಂಟುನೂರರ ರಬ್ಬರ್ ಬಾಲೇ ಸರಿ, ಒಂದು ವರ್ಷ ಬರುತ್ತದೆ. ಆದರೆ ರಬ್ಬರ್ ಜಾಸ್ತಿ ಪುಟಿಯುತ್ತದೆ, ಗಾಳಿ ಸ್ವಲ್ಪ ಇಳಿಸಿ. ತಲೆಮಟ್ಟದಿಂದ ಬಿಟ್ಟರೆ ಸೊಂಟಕ್ಕೆ ಬಂದರೆ ಸಾಕು. ಮೋಲ್ಟೆನ್ ಮ್ಯಾಚ್ ಬಾಲ್ ಎರಡು ಇಟ್ಟಿದ್ದೇವೆ, ಒಂದೊಂದಕ್ಕೆ ಐದು ಸಾವಿರದ ಮೇಲೆ. ಕೂಟಕ್ಕೆ ಹತ್ತು ದಿನ ಮುಂಚೆ, ಒಳಾಂಗಣ ಬಾಡಿಗೆಗೆ ಹಿಡಿದ ದಿನ ಮಾತ್ರ ಚೀಲದಿಂದ ತೆಗೆಯುವುದು. ಹುಡುಗಿಯರಿಗೆ 6ನೇ ಸೈಜು, ಸುಮಾರು 540 ಗ್ರಾಂ. ‘ಭಾರದ್ದರಲ್ಲಿ ಆಡಿದರೆ ಬಲ ಬರುತ್ತೆ’ ಅಂತ 7ನೇ ಸೈಜಿನಲ್ಲಿ ಶೂಟ್ ಮಾಡಿಸುವ ಪ್ರಯೋಗವನ್ನೂ ಒಂದು ಗುಂಪಿನ ಮೇಲೆ ಮಾಡಿದ್ದಾಯಿತು. ಬಲ ಬರಲಿಲ್ಲ, ಮಣಿಕಟ್ಟು ಸತ್ತಿತು. ಪಾಸಿಂಗಿಗೆ ಬೇಕಾದರೆ 7 ಬಳಸಿ, ಶೂಟಿಂಗಿಗೆ ಬೇಡ.

ಪ್ರಯೋಗಗಳ ಮಾತು ಬಂತು. ಶೂಟಿಂಗ್ ಮಷೀನಿಗೆ ಲಕ್ಷಗಳ ಬೆಲೆ. ಅದರ ಬದಲು ಜಿಐ ಪೈಪಿನ ಚೌಕಟ್ಟು ಮಾಡಿ ರಿಂಗಿನ ಸುತ್ತ ನೈಲಾನ್ ಬಲೆ ಕಟ್ಟಿಸಿದೆವು, ನಾಲ್ಕು ಸಾವಿರದ ಆಸುಪಾಸು ಆಯಿತು. ಬಾಲ್ ತಾನೇ ಉರುಳಿ ಬರುತ್ತಿತ್ತು, ಯಾವಾಗಲೂ ಒಂದೇ ಕಡೆಗೆ. ಬಲೆಯ ಇಳಿಜಾರು ಎಷ್ಟು ತಿದ್ದಿದರೂ ಅಷ್ಟೇ. ಅದಕ್ಕಿಂತ ದೊಡ್ಡ ನಷ್ಟ ಎಂದರೆ ರೀಬೌಂಡ್ ಮಾಡುವವಳಿಗೆ ಕೆಲಸವೇ ಇಲ್ಲದೆ ಆ ಅಭ್ಯಾಸ ತಪ್ಪಿತು. ಪೈಪು ಗುಜರಿಗೆ ಹೋಯಿತು, ಬಲೆ ಬಾಲ್ ಆಚೆ ಹಾರದಂತೆ ಕಾಂಪೌಂಡಿಗೆ ಕಟ್ಟಿದ್ದೇವೆ. ಕಸಪೊರಕೆ ಮಾತ್ರ ಗೆದ್ದಿತು. ಉದ್ದ ಕೋಲಿನ ಪೊರಕೆ ಹಿಡಿದು ಶೂಟರ್ ಮುಂದೆ ಒಂದೂವರೆ ಮೀಟರ್ ದೂರದಲ್ಲಿ ಎತ್ತಿ ನಿಂತರೆ, ಅದರ ಮೇಲಿಂದ ಬಾಲ್ ಹೋಗಲೇಬೇಕು, ಕಮಾನು ತಾನಾಗಿ ಬರುತ್ತದೆ. ಎತ್ತರದವರ ಕೈ ನೋಡಿ ಶಾಟ್ ಬದಲಿಸುವ ಹೆದರಿಕೆಯೂ ಹೋಗುತ್ತದೆ. ಎಲ್ಲಕ್ಕಿಂತ ಉಪಯೋಗವಾದದ್ದು ವಾರಕ್ಕೊಂದು ದಿನ ಹೈಸ್ಕೂಲ್ ಹುಡುಗರ ಎದುರು ಆಡಿಸಿದ್ದು. ಹುಡುಗರಿಗೆ ರಿಂಗ್ ಕೆಳಗೆ ಬ್ಲಾಕ್ ಮಾಡಲು ಪೂರ್ತಿ ಸ್ವಾತಂತ್ರ್ಯ, ತ್ರೀ ಎತ್ತಲು ಅವಕಾಶ ಇಲ್ಲ.

ಲೆಕ್ಕ ಬರೆಯಲು ಒಬ್ಬ ಅಮ್ಮನನ್ನು ಒಪ್ಪಿಸಿದ್ದೇವೆ. ನಾಲ್ಕೇ ಕಲಂ: ತ್ರೀ ಎತ್ತಿದ್ದು-ಬಿದ್ದದ್ದು, ಲೇಅಪ್ ಎತ್ತಿದ್ದು-ಬಿದ್ದದ್ದು, ಬಾಲ್ ಕಳೆದದ್ದು, ರೀಬೌಂಡ್ ತಪ್ಪಿ ಎದುರಿನವರಿಗೆ ಬಿಟ್ಟ ಎರಡನೇ ಶಾಟ್. ಮೊದಮೊದಲು 22 ತ್ರೀ ಎತ್ತಿದರೆ ನಾಲ್ಕು ಬೀಳುತ್ತಿತ್ತು, ಇಪ್ಪತ್ತು ಪಾಯಿಂಟಿನಿಂದ ಸೋಲುತ್ತಿದ್ದೆವು. ಆ ಹೊತ್ತಿನಲ್ಲೇ ಬಹಳ ಜನ ಕೈಬಿಡುವುದು. ಶಾಟ್ ತಪ್ಪಿದ್ದಕ್ಕೆ ಬೆಂಚಿಗೆ ಕರೆದರೆ ಈ ಪದ್ಧತಿ ಅಲ್ಲಿಗೆ ಸತ್ತಿತು. ನಮ್ಮಲ್ಲಿ ಖಾಲಿ ನಿಂತು ಶಾಟ್ ಎತ್ತದವಳನ್ನು ಮಾತ್ರ ಕರೆಯುತ್ತೇವೆ. ಈಗ 26 ಎತ್ತಿ ಎಂಟು ಬೀಳುತ್ತವೆ. ಬಾಲ್ ಕಳೆಯುವುದು ಪಂದ್ಯಕ್ಕೆ 25ರಿಂದ 14ಕ್ಕೆ ಇಳಿದಿದೆ. ಎದುರಿನವರ ಎರಡನೇ ಶಾಟ್ ಮಾತ್ರ ಇನ್ನೂ 11-12ರಲ್ಲೇ ನಿಂತಿದೆ, ಸೆಮಿಫೈನಲ್ ಸೋತದ್ದೂ ಅದರಿಂದಲೇ.

ಇದನ್ನೇ ಹುಡುಗರಿಗೂ ಹಚ್ಚಬಹುದೇ ಅಂತ ಕೇಳುವವರಿದ್ದಾರೆ. ಹೋವಾಸ್ ಹಚ್ಚಿದರು. 2021ರಲ್ಲಿ ಜಪಾನಿನ ಪುರುಷರ ತಂಡ ವಹಿಸಿಕೊಂಡು, 2023ರ ವಿಶ್ವಕಪ್‌ನಲ್ಲಿ ಓಕಿನಾವಾದಲ್ಲಿ ಫಿನ್ಲೆಂಡನ್ನು 98-88ಕ್ಕೆ ಹೊಡೆದರು. ಒಂದು ಹಂತದಲ್ಲಿ 18 ಹಿಂದಿದ್ದು ಗೆದ್ದ ಪಂದ್ಯ ಅದು, 172 ಸೆಂ.ಮೀ.ನ ಯೂಕಿ ಕವಾಮುರಾ 25 ಪಾಯಿಂಟ್ ಹಾಕಿದ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸನ್ನು ಓವರ್‌ಟೈಮ್ ತನಕ ಎಳೆದು 94-90ಕ್ಕೆ ಸೋತರು. ನಮ್ಮ ಹುಡುಗರ ಗುಂಪಿನಲ್ಲಿ ಸದ್ಯಕ್ಕೆ ಕಂಡ ತೊಡಕು ಬೇರೆ: ಎದುರಿನವರ ಕೈ ಉದ್ದ, ಎರಡೇ ಹೆಜ್ಜೆಗೆ ಶೂಟರ್ ಮುಖಕ್ಕೆ ಬರುತ್ತಾರೆ, ಒಂದಡಿ ಹಿಂದೆ ನಿಂತರೆ ಸಾಲದು. 7.25ಕ್ಕೆ ಇನ್ನೊಂದು ಕಮಾನು ಬರೆಸಿದ್ದೇನೆ, ನೀಲಿ ಬಣ್ಣ. ಈ ಮಳೆಗಾಲ ಕಳೆದ ಮೇಲೆ ಅಲ್ಲಿಂದ ಹತ್ತಕ್ಕೆ ನಾಲ್ಕು ಯಾರು ಹಾಕುತ್ತಾರೋ ಅವರನ್ನಷ್ಟೇ ಮೂಲೆಗೆ ನಿಲ್ಲಿಸುವುದು, ಉಳಿದವರಿಗೆ ಕಟ್ ಮತ್ತು ಡ್ರೈವ್.